ಪ್ರಿನ್ಸಿಪಲ್: ಕೊನೆಗೆ ಎ-ಎಲ್ ಬರೆಯಬೇಕೋ, ಎಲ್-ಇ ಬರೆಯಬೇಕೋ?

ಪ್ರಶ್ನೆ: ಸಾಲದ ವಿವರಪಟ್ಟಿಯಲ್ಲಿ ‘ಪ್ರಿನ್ಸಿಪಲ್ ಅಮೌಂಟ್’ ಎಂಬುದನ್ನು ಎ-ಎಲ್ ಹಾಕಿ ಅಚ್ಚು ಮಾಡಿದ್ದಾರೆ. ಅದು ಕಾಲೇಜಿನ ಪ್ರಾಂಶುಪಾಲರಿಗೆ ಸಲ್ಲುವ ಪದವಲ್ಲವೇ? ಎಲ್-ಇ ಇರಬೇಕಿತ್ತಲ್ಲವೇ?
– ಆಳಂದದ ಓದುಗರು

ಉತ್ತರ: ಅಚ್ಚು ಸರಿಯಾಗಿಯೇ ಇದೆ, ದಯವಿಟ್ಟು ತಿದ್ದಲು ಹೋಗಬೇಡಿ. ಎಲ್-ಇ ಎಂದು ಮುಗಿಯುವ ಪದಕ್ಕೆ ತತ್ವ, ನಿಯಮ ಎಂಬ ಅರ್ಥಗಳಿವೆ. ಸಂವಿಧಾನದ ನಾಲ್ಕನೆಯ ಭಾಗದ ನಿರ್ದೇಶಕ ತತ್ವಗಳಿಗೂ ಆರ್ಕಿಮಿಡೀಸನ ತತ್ವಕ್ಕೂ ಅದೇ ಪದ. ಅದರಲ್ಲಿ ಗೊಂದಲವೇನೂ ಇಲ್ಲ.

ಗೊಂದಲವೆಲ್ಲ ಹುಟ್ಟುವುದು ‘ಎ-ಎಲ್ ಇದ್ದರೆ ವ್ಯಕ್ತಿ, ಎಲ್-ಇ ಇದ್ದರೆ ವಿಷಯ’ ಎಂಬ, ಎಷ್ಟು ಸಲ ಅಳಿಸಿದರೂ ಮತ್ತೆ ಚಿಗುರುವ ಪಾಠದಿಂದ. ಇಂಗ್ಲಿಷಿನಲ್ಲಿ ‘ಪಾಲ್’ ಎಂದರೆ ಗೆಳೆಯ, ಪ್ರಾಂಶುಪಾಲರು ವಿದ್ಯಾರ್ಥಿಗಳ ಗೆಳೆಯರು, ಆದ್ದರಿಂದ ಪಿ-ಎ-ಎಲ್ ಎಂದು ಕಲಿಸುತ್ತಾರೆ. ಕಾಗುಣಿತ ನೆನಪಿಡಲು ಈ ಉಪಾಯ ಸಾಕು. ಪದದ ಅರ್ಥಕ್ಕೆ ಅದನ್ನೇ ಎಲ್ಲೆಯೆಂದು ತಿಳಿದರೆ ಅಸಲು, ಬಡ್ಡಿ ಎರಡರಲ್ಲೂ ಎಡವುತ್ತೇವೆ. ಎ-ಎಲ್ ಪದದ ತಿರುಳು ‘ಮುಖ್ಯ, ಪ್ರಧಾನ’ ಎಂಬುದು. ಕಾಲೇಜಿನ ಬೋಧಕರಲ್ಲಿ ಮುಖ್ಯರಾದವರು ಪ್ರಾಂಶುಪಾಲರು, ಸಾಲದಲ್ಲಿ ಬಡ್ಡಿಗೆ ಆಧಾರವಾದ ಮುಖ್ಯ ಮೊತ್ತ ಅಸಲು. ವ್ಯಕ್ತಿಯಲ್ಲದ ಉದಾಹರಣೆ ಬೇಕೆಂದರೆ ಕಲಬುರಗಿಯವರು ದೂರ ಹೋಗಬೇಕಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ನಮ್ಮ ಹೈಕೋರ್ಟ್ ಪೀಠಕ್ಕೆ ‘ಕಲಬುರಗಿ ಬೆಂಚ್’ ಎಂದೂ, ಬೆಂಗಳೂರಿನದಕ್ಕೆ ‘ಪ್ರಿನ್ಸಿಪಲ್ ಬೆಂಚ್’ ಎಂದೂ ವಕೀಲರು ದಿನವೂ ಬರೆಯುತ್ತಾರೆ. ಪೀಠವು ವ್ಯಕ್ತಿಯಲ್ಲ, ಆದರೂ ಅಲ್ಲಿರುವುದು ಎ-ಎಲ್. ಇನ್ನೊಂದು ಪದ ಅಲ್ಲಿ ಕೂರಲಾರದು, ಏಕೆಂದರೆ ಅದು ನಾಮಪದ ಮಾತ್ರ, ಗುಣವಾಚಕವಾಗುವುದಿಲ್ಲ. ಸಂದೇಹ ಬಂದಲ್ಲಿ ‘ಮುಖ್ಯ’ ಎಂದು ಹಾಕಿ ನೋಡಿ, ಹೊಂದಿದರೆ ಎ-ಎಲ್. ‘ತತ್ವ’ ಹೊಂದಿದರೆ ಎಲ್-ಇ.

ನೀವು ಕೇಳಿಲ್ಲವಾದರೂ, ಇದೇ ನೆಪದಲ್ಲಿ ‘ಇನ್ ಪ್ರಿನ್ಸಿಪಲ್’ ಮತ್ತು ‘ಆನ್ ಪ್ರಿನ್ಸಿಪಲ್’ ಕುರಿತೂ ಹೇಳಿಬಿಡುವುದು ಒಳ್ಳೆಯದು. ಎರಡರಲ್ಲೂ ಎಲ್-ಇ ಬರುತ್ತದೆ, ಆದರೆ ಅರ್ಥ ಬೇರೆ. ಲಂಚ ಕೊಡುವುದು ತನ್ನ ನೀತಿಗೆ ಒಗ್ಗದೆಂದು ಒಬ್ಬರು ನಿರಾಕರಿಸಿದರೆ ಅದು ‘ಆನ್ ಪ್ರಿನ್ಸಿಪಲ್’. ಕಾಮಗಾರಿಯೊಂದಕ್ಕೆ ಸರ್ಕಾರವು ‘ಇನ್ ಪ್ರಿನ್ಸಿಪಲ್’ ಒಪ್ಪಿದೆ ಎಂದರೆ, ಪತ್ರಿಕೆಗಳು ಬರೆಯುವ ಹಾಗೆ ಅದು ತಾತ್ವಿಕ ಒಪ್ಪಿಗೆ; ವಿವರವಾದ ಯೋಜನೆ, ಹಣ, ಟೆಂಡರ್ ಎಲ್ಲವೂ ಇನ್ನೂ ಬಾಕಿ ಇರಬಹುದು. ಬೀದರ್–ಕಲಬುರಗಿ ರೈಲು ಪೂರ್ಣ ಓಡುವುದನ್ನು ಕಾಣಲು 2017ರವರೆಗೆ ಕಾದವರಿಗೆ ಒಪ್ಪಿಗೆಗೂ ಹಳಿಗೂ ನಡುವಿನ ಅಂತರವನ್ನು ನಾನು ವಿವರಿಸಬೇಕಾಗಿಲ್ಲ.