ಬೆಳಗ್ಗೆ ರಜಾಯಿ, ಸಂಜೆ ಉಬ್ಬಸ

ಪ್ರಶ್ನೆ: ಅಲರ್ಜಿ ಆಗುವ ವಸ್ತುವನ್ನೇ ಉಸಿರಿಗೆ ಕೊಟ್ಟು ದಮ್ಮು ಬರುತ್ತಾ ಅಂತ ನೋಡ್ತಾರಂತೆ. ನಾನೂ ಮಾಡಿಸಬೇಕಾ?

ಬೇಡ. ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ. ಅದು ಹೆಚ್ಚಾಗಿ ಸಂಶೋಧನೆಗೆ ಮಾಡುವ ಟೆಸ್ಟ್. ಸಣ್ಣ ಪ್ರಮಾಣದ ಅಸ್ತಮಾ ಇರುವವರನ್ನು ಡಾಕ್ಟರ ಎದುರೇ ಕೂರಿಸಿ, ಹಾಸಿಗೆಯಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ದೂಳುಹುಳದ ಸಾರವನ್ನೋ ಹುಲ್ಲಿನ ಪರಾಗವನ್ನೋ ಚೂರು ಚೂರೇ ಜಾಸ್ತಿ ಮಾಡುತ್ತಾ ಉಸಿರಿಗೆ ಕೊಡುತ್ತಾರೆ, ಪ್ರತಿ ಸಲವೂ ಊದಿಸುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಊದುವ ಗಾಳಿ ಶೇ. 20ರಷ್ಟು ಇಳಿದರೆ ಅಲ್ಲಿಗೆ ನಿಲ್ಲಿಸುತ್ತಾರೆ. ನಮ್ಮಂಥವರಿಗೆ ಸಾಮಾನ್ಯವಾಗಿ ಚರ್ಮಕ್ಕೆ ಚುಚ್ಚಿ ನೋಡುವ ಟೆಸ್ಟೇ ಸಾಕು. ಮನೆಯಲ್ಲಿ ದಿಂಬು ಮೂಸಿ ಪರೀಕ್ಷೆ ಮಾಡಿಕೊಳ್ಳೋಕೆ ಹೋಗಬೇಡಿ, ದಮ್ಮಯ್ಯ.

ಆದರೆ ಆ ಟೆಸ್ಟ್ ಕಲಿಸಿದ ಒಂದು ಪಾಠ ಇದೆ. "ದೂಳಿಂದ ಆಗಿದ್ರೆ ಆಗಲೇ ಆಗ್ಬೇಕಿತ್ತು" ಅಂತೀರಲ್ಲ, ಅದು ಶುದ್ಧ ತಪ್ಪು. ಕೈಲ್‌ಪೊಳ್ದು ಹಬ್ಬಕ್ಕೆ ನೆಂಟರು ಬರ್ತಾರೆ ಅಂತ ಬೆಳಗ್ಗೆ 10ಕ್ಕೆ ಪೆಟ್ಟಿಗೆಯಿಂದ ರಜಾಯಿ ತೆಗೆದು ಕೊಡವುತ್ತೀರಿ. ಮಳೆಗಾಲ ಪೂರ್ತಿ ಮಡಚಿಟ್ಟಿದ್ದು, ಅಂಚಿಗೆ ಬೂಷ್ಟು ಬೇರೆ. ಸೀನು, ಎದೆ ಬಿಗಿತ. ಸಾಲ್ಬುಟಮಾಲ್ (ಶ್ವಾಸನಾಳವನ್ನು ಬೇಗ ಹಿಗ್ಗಿಸುವ ಇನ್‌ಹೇಲರ್) ಎರಡು ಪಫ್ ಎಳೆದರೆ ಸರಿಹೋಗುತ್ತೆ. ಸಂಜೆ 4ಕ್ಕೆ ಮತ್ತೆ ಸುಯ್‌ಸುಯ್. ಆಗ ಮನೆಯವರೆಲ್ಲ ಸೇರಿ "ಮಂಜು ಇಳೀತಲ್ಲ, ಅದಕ್ಕೇ" ಅಂತ ತೀರ್ಪು ಕೊಡ್ತಾರೆ! ತಣ್ಣನೆ ಗಾಳಿಗೂ ಉಬ್ಬಸ ಬರಬಹುದು, ಇಲ್ಲ ಅನ್ನಲ್ಲ. ಆದರೆ ಟೆಸ್ಟಿನಲ್ಲಿ ಮಂಜೂ ಇಲ್ಲ, ಚಳಿಯೂ ಇಲ್ಲ, ರೂಮಿನೊಳಗೆ ಸುಮ್ನೆ ಕೂತವರಿಗೇ ಹೀಗಾಗುತ್ತೆ. ಮೊದಲ ಇಳಿತ 10-20 ನಿಮಿಷಕ್ಕೆ ಬಂದು ಒಂದೆರಡು ಗಂಟೆಯಲ್ಲಿ ಹೋಗುತ್ತೆ, ಸುಮಾರು ಅರ್ಧದಷ್ಟು ಜನಕ್ಕೆ 3ರಿಂದ 8 ಗಂಟೆ ಕಳೆದ ಮೇಲೆ ಎರಡನೆಯದು ಬರುತ್ತೆ. ಅಷ್ಟರಲ್ಲಿ ಶ್ವಾಸನಾಳದೊಳಗೆ ಊತ ಶುರುವಾಗಿರುತ್ತೆ.

ಔಷಧಿ ಅಳೆಯುವುದೂ ಹೀಗೇ. ಅದೇ ಮನುಷ್ಯನಿಗೆ ಒಮ್ಮೆ ಔಷಧಿ, ಕೆಲವು ವಾರ ಬಿಟ್ಟು ಒಮ್ಮೆ ಬರೀ ಹುಸಿ ಔಷಧಿ ಕೊಟ್ಟು ಎರಡೂ ಇಳಿತ ಹೋಲಿಸುತ್ತಾರೆ. ಮೊದಲೇ ಎಳೆದ ಸಾಲ್ಬುಟಮಾಲ್ ಬೆಳಗ್ಗಿನದನ್ನು ತಡೆಯುತ್ತೆ, ಸಂಜೆಯದಕ್ಕೆ ಅದರ ಜೋರು ಸಾಲದು. ಒಂದೇ ಡೋಸ್ ಸ್ಟೀರಾಯ್ಡ್ ಇನ್‌ಹೇಲರ್ ಇದಕ್ಕೆ ಉಲ್ಟಾ: ಬೆಳಗ್ಗಿನದನ್ನು ತಡೆಯಲ್ಲ, ಸಂಜೆಯದನ್ನು ತಗ್ಗಿಸುತ್ತೆ. "ಎಳೆದ ಕೂಡಲೇ ಏನೂ ಅನ್ನಿಸಲ್ಲ" ಅಂತ ಅದನ್ನು ಬೀರುವಿನಲ್ಲಿ ಇಟ್ಟವರು ಈಗ ತೆಗೀರಿ.

ಅಂದಹಾಗೆ, ಮಡಿಕೇರಿಯಲ್ಲಿ ದೂಳೇ ಇಲ್ವಲ್ಲ, ದೂಳುಹುಳ ಎಲ್ಲಿಂದ ಬರಬೇಕು ಅಂದುಕೊಳ್ಳಬೇಡಿ. ಅದಕ್ಕೆ ರಸ್ತೆ ದೂಳು ಬೇಕಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು, ಗಾಳಿಯ ತೇವವನ್ನೇ ಹೀರಿ ಹಾಸಿಗೆಯಲ್ಲಿ ಬದುಕುತ್ತೆ. ಕಕ್ಕಡದಲ್ಲಿ, ಅಂದ್ರೆ ಜೋರು ಮಳೆಯ ತಿಂಗಳಲ್ಲಿ, ಉಪ್ಪಿನ ಡಬ್ಬಿ ತೆಗೆದು ನೋಡಿ. ಉಪ್ಪೇ ನೀರಾಗುವ ಗಾಳಿ ಹುಳಕ್ಕೆ ಸಾಲದಾ?