ಎಲೆಯ ಮೇಲಿನ ಬಿಳಿ ಪರದೆ

ಒಂದು ದಿನದ ಸುತ್ತಾಟ ಮುಗಿಸಿ ಬಂದು ಫೋಟೋ ನೋಡುವಾಗ ಎಲ್ಲರದೂ ಒಂದೇ ಗೊಣಗಾಟ. ಅಲ್ಲಿ ತೋಟ ಅಷ್ಟು ಹಸಿರಾಗಿತ್ತು, ಇಲ್ಲಿ ಯಾಕೆ ಹೀಗೆ ಬಿಳಿಚಿಕೊಂಡಿದೆ? ಬೈಗುಳ ಕ್ಯಾಮೆರಾಗೆ. ಆಮೇಲೆ ಎಡಿಟಿಂಗ್ ಆ್ಯಪ್ ತೆಗೆದು ಬಣ್ಣ ಏರಿಸುತ್ತೇವೆ, ಗಿಡವೆಲ್ಲ ಪ್ಲಾಸ್ಟಿಕ್ ಆಗುತ್ತದೆ.

ಕ್ಯಾಮೆರಾ ಸುಳ್ಳು ಹೇಳಿಲ್ಲ. ಎಲೆಯಿಂದ ನಮ್ಮತ್ತ ಬರುವುದು ಒಂದಲ್ಲ, ಎರಡು ಬಗೆಯ ಬೆಳಕು. ಒಂದು ಎಲೆಯೊಳಗೆ ಹೊಕ್ಕು, ಕ್ಲೋರೋಫಿಲ್‌ಗೆ ಕೆಂಪು ಮತ್ತು ನೀಲಿಯ ಸುಂಕ ಕೊಟ್ಟು, ಉಳಿದ ಹಸಿರು ಹೊತ್ತು ಹೊರಬರುತ್ತದೆ. ಇನ್ನೊಂದು ಒಳಗೆ ಹೋಗುವುದೇ ಇಲ್ಲ. ಎಲೆಯ ಮೇಣದ ಪದರಕ್ಕೆ ಬಡಿದು, ಬಂದ ಹಾಗೇ ವಾಪಸ್. ಅದಕ್ಕೆ ಬಣ್ಣವಿಲ್ಲ, ಬರೀ ಬಿಳಿ. ಹಸಿರಿನ ಮೇಲೆ ತೆಳ್ಳನೆ ಪರದೆ ಎಳೆಯುವುದು ಅದೇ. ಪರದೆ ದಪ್ಪವಾದ ಕಡೆ ಹಸಿರು ದಾಖಲಾಗಿಯೇ ಇರುವುದಿಲ್ಲ. ಯಾವ ಆ್ಯಪ್ ಬಂದರೂ ಏನು ಮಾಡೀತು?

ಆದರೆ ಈ ಬಿಳಿ ಬೆಳಕಿಗೆ ಒಂದು ಗುರುತಿದೆ. ಬೆಳಕು ಅಲೆ ಅಲ್ವಾ, ಅದು ಸಾಗುವ ದಾರಿಗೆ ಅಡ್ಡಡ್ಡವಾಗಿ ಕಂಪಿಸುತ್ತದೆ. ಬಿಸಿಲಿನಲ್ಲಿ ಈ ಕಂಪನ ಎಲ್ಲ ದಿಕ್ಕಿಗೂ ಇರುತ್ತದೆ. ಓರೆಯಾಗಿ ಒಂದು ಮೇಲ್ಮೈಗೆ ಬಡಿದಾಗ ಆಯ್ಕೆ ನಡೆಯುತ್ತದೆ. ನೀರಿಗೆ ಕೋಲು ಎಸೆದು ನೋಡಿ: ಅಡ್ಡ ಬಿದ್ದದ್ದು ಪುಟಿಯುತ್ತದೆ, ನೆಟ್ಟಗೆ ಬಿದ್ದದ್ದು ಮುಳುಗುತ್ತದೆ. ಹೆಚ್ಚು ಕಡಿಮೆ ಹಾಗೆಯೇ, ಮೇಲ್ಮೈಗೆ ಸಮಾನಾಂತರವಾಗಿ ಕಂಪಿಸುವ ಬೆಳಕು ಜಾಸ್ತಿ ಪುಟಿಯುತ್ತದೆ. ಇನ್ನು ಕಿಟಕಿಯ ಕಂಬಿಗಳ ನಡುವೆ ಹಗ್ಗ ತೂರಿಸಿ ಅಲ್ಲಾಡಿಸಿ. ಕಂಬಿಯ ಉದ್ದಕ್ಕೆ ಅಲ್ಲಾಡಿಸಿದರೆ ಅಲೆ ಆಚೆ ದಾಟುತ್ತದೆ, ಅಡ್ಡಕ್ಕೆ ಅಲ್ಲಾಡಿಸಿದರೆ ಅಲ್ಲೇ ಸಾಯುತ್ತದೆ. ಕ್ಯಾಮೆರಾದ ಮುಂದೆ ಹಾಕಿ ತಿರುಗಿಸುವ ಪೋಲರೈಸಿಂಗ್ ಫಿಲ್ಟರ್ ಎಂದರೆ ಅಂಥ ಕಿಟಕಿ. ಸರಿಯಾಗಿ ತಿರುಗಿಸಿದರೆ ಬಿಳಿ ಬೆಳಕು ಕಂಬಿಗೆ ಬಡಿದು ನಿಲ್ಲುತ್ತದೆ, ಹಸಿರು ಒಳಗೆ ಬರುತ್ತದೆ.

ಪುಟಿದ ಬೆಳಕಿನ ಈ ಗುರುತನ್ನು ಮೊದಲು ಕಂಡದ್ದೂ ಕಿಟಕಿಯಲ್ಲೇ. 1808ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿ ಮಾಲೂಸ್, ಅಲ್ಲಿನ ಲಕ್ಸಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಹೊಳೆಯುತ್ತಿದ್ದ ಸಂಜೆ ಸೂರ್ಯನನ್ನು ಕ್ಯಾಲ್ಸೈಟ್ ಹರಳಿನ ಮೂಲಕ ಸುಮ್ನೆ ನೋಡಿದ. ಆ ಹರಳಿನಲ್ಲಿ ಎಲ್ಲವೂ ಎರಡಾಗಿ ಕಾಣುತ್ತದೆ. ತಿರುಗಿಸಿದಂತೆ ಎರಡರಲ್ಲಿ ಒಂದು ಬಿಂಬ ಮಸುಕಾಗುತ್ತಿತ್ತು! 1921ರಲ್ಲಿ ಹಡಗಿನಲ್ಲಿ ಬರುತ್ತಿದ್ದ ಸಿ. ವಿ. ರಾಮನ್ ಕೈಯಲ್ಲೂ ಇಂಥದ್ದೇ ಒಂದು ಪಟ್ಟಕವಿತ್ತು. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂಬುದನ್ನು ಅವರು ಒಪ್ಪಲಿಲ್ಲ. ಪಟ್ಟಕ ತಿರುಗಿಸಿ ನೀರಿನ ಮೇಲಿನ ಪ್ರತಿಫಲನವನ್ನು ಅಳಿಸಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೂರು ವರ್ಷ ಕಳೆದರೂ ಅದೇ ಹಳೆಯ ಕಾರಣವನ್ನು ಮಕ್ಕಳಿಗೆ ಹೇಳುವವರಿದ್ದಾರೆ, ಬಿಡಿ.

ಫಿಲ್ಟರ್ ಇಲ್ಲವೇ? ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಫೋನಿನ ಮುಂದೆ ಹಿಡಿದು ತಿರುಗಿಸಿ. ಕೊಳದ ಹೊಳಪು ತೆಗೆಯಬೇಕೆಂದರೆ ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಿಂದ ನೋಡಿ, ತಳದ ಕಲ್ಲುಗಳು ಎದ್ದು ಬರುತ್ತವೆ. ಲೋಹದ ಹೊಳಪಿಗೆ ಈ ಉಪಾಯ ನಡೆಯದು. ಎಲೆಗಳು ಒಂದೊಂದು ದಿಕ್ಕಿಗೆ ಬಾಗಿರುವುದರಿಂದ ಒಂದಷ್ಟು ಹೊಳಪು ಉಳಿದೇ ಉಳಿಯುತ್ತದೆ, ಉಳಿಯಲಿ. ಮೋಡದ ದಿನ ಇದು ಬೇಡ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬಿಳಿ ಆಕಾಶವೂ ಎಲೆಯಲ್ಲಿ ಪ್ರತಿಫಲಿಸುತ್ತದೆ, ಒದ್ದೆ ಎಲೆಯಲ್ಲಂತೂ ಇನ್ನೂ ಜೋರಾಗಿ.

ಹಾಗಂತ ಫಿಲ್ಟರನ್ನು ಕ್ಯಾಮೆರಾದಲ್ಲೇ ಮರೆತು ಬಿಡಬೇಡಿ. ಒಮ್ಮೆ ಮಳೆ ನಿಂತ ಮೇಲೆ ಎಲ್ಲರೂ ಕಾಮನಬಿಲ್ಲು ಎಂದು ಕೂಗುತ್ತಿದ್ದರು, ನನ್ನ ಕ್ಯಾಮೆರಾದಲ್ಲಿ ಮಾತ್ರ ಬೂದು ಆಕಾಶ. ಕಾಮನಬಿಲ್ಲಿನ ಬೆಳಕೂ ಹನಿಯೊಳಗೆ ಪುಟಿದು ಬಂದದ್ದೇ, ಅದಕ್ಕೂ ಕಂಪನದ ದಿಕ್ಕಿದೆ. ಎಲೆಗೆಂದು ತಿರುಗಿಸಿಟ್ಟ ಫಿಲ್ಟರ್ ಅದನ್ನು ನುಂಗಿ ಕೂತಿತ್ತು. ನನಗೆ ಹೊಳೆದು ಉಂಗುರ ತಿರುಗಿಸುವಷ್ಟರಲ್ಲಿ ಬಿಸಿಲು ಹೋಗಿತ್ತು.