ಕಪ್ಪತಗುಡ್ಡದಲ್ಲಿ ದಾರಿ ತಪ್ಪಿದರೆ: ಚೀಲದಲ್ಲಿ ಯಾವುದು ಮೊದಲು, ಯಾವುದು ಕೊನೆಗೆ?

ಗುಂಪು ಚರ್ಚೆಗೆಂದು ಕೊಡುವ ಪ್ರಶ್ನೆಗಳಲ್ಲಿ ಇದೂ ಒಂದು. ಕಾಡಿನಲ್ಲಿ ದಾರಿ ತಪ್ಪಿದ್ದೀರಿ. ನೀರು, ಚಾಕು, ಕಡ್ಡಿಪೆಟ್ಟಿಗೆ, ತಾಡಪತ್ರಿ, ಸೀಟಿ, ಟಾರ್ಚ್, ದಿಕ್ಸೂಚಿ, ಬುತ್ತಿ, ಪ್ರಥಮ ಚಿಕಿತ್ಸೆಯ ಡಬ್ಬಿ ಇವೆ. ಮಹತ್ವದ ಪ್ರಕಾರ ಜೋಡಿಸಿ, ಕಾರಣ ಕೊಡಿ. ಧಾರವಾಡದಲ್ಲಿ ಪರೀಕ್ಷೆಗೆ ಓದುತ್ತಿರುವ ಗೆಳೆಯರ ಜೊತೆ ಇದನ್ನು ಚರ್ಚಿಸಿದಾಗಲೆಲ್ಲ ಮಾತು ಬೇಗನೆ ಚಾಕುವೋ ಬೆಂಕಿಯೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಯಾವ ಕಾಡು, ಯಾವ ತಿಂಗಳು ಎಂದು ಯಾರೂ ಕೇಳುವುದೇ ಇಲ್ಲ. ಅದನ್ನು ಕೇಳದೆ ಜೋಡಿಸಿದ ಪಟ್ಟಿಗೆ ಅರ್ಥವಿಲ್ಲ ಎಂಬುದು ನನ್ನ ವಾದ. ಆ ಜಾಗದಲ್ಲಿ, ಆ ತಿಂಗಳಲ್ಲಿ ಮನುಷ್ಯನ ಜೀವಕ್ಕೆ ಮೊದಲು ಎರವಾಗುವುದು ಯಾವುದು, ಎಷ್ಟು ಹೊತ್ತಿನಲ್ಲಿ ಎಂದು ಲೆಕ್ಕ ಹಾಕಿ. ಅದನ್ನು ತಡೆಯುವ ವಸ್ತು ಮೊದಲ ಸ್ಥಾನಕ್ಕೆ ತಾನಾಗಿ ಬರುತ್ತದೆ.

ಈ ಲೆಕ್ಕಕ್ಕೆ ಚಾರಣಿಗರು ಬಳಸುವ ಸೂತ್ರ 'ಮೂರರ ನಿಯಮ'. ಉಸಿರಿಲ್ಲದೆ 3 ನಿಮಿಷ, ವಿಪರೀತ ಚಳಿ ಅಥವಾ ಬಿಸಿಲಲ್ಲಿ ಆಸರೆಯಿಲ್ಲದೆ 3 ಗಂಟೆ, ನೀರಿಲ್ಲದೆ 3 ದಿನ, ಅನ್ನವಿಲ್ಲದೆ 3 ವಾರ. ಅಂಕಿಗಳು ಅಂದಾಜಿನವು, ಕ್ರಮ ಮಾತ್ರ ಗಟ್ಟಿ. ಆಸರೆ ನೀರಿಗಿಂತ ಮುಂದಿದೆ, ಅನ್ನ ಎಲ್ಲಕ್ಕಿಂತ ಹಿಂದಿದೆ.

ಈಗ ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನೇ ತೆಗೆದುಕೊಳ್ಳೋಣ. 2019ರಲ್ಲಿ ವನ್ಯಜೀವಿಧಾಮವಾದ, ಸುಮಾರು 244 ಚದರ ಕಿಲೋಮೀಟರ್ ಪ್ರದೇಶ. ಕುರುಚಲು ಕಾಡು, ಬಂಡೆ, ಬೋಳು ಇಳಿಜಾರು. ತಿಂಗಳು ಏಪ್ರಿಲ್ ಎಂದಿಟ್ಟುಕೊಳ್ಳಿ. ಹಳ್ಳಗಳು ಬತ್ತಿವೆ, ನೆರಳೂ ಕಡಿಮೆ. ಇಲ್ಲಿ ಜೀವಕ್ಕೆ ಅಪಾಯ ತರುವುದು ಚಿರತೆ ಅಲ್ಲ, ಬಿಸಿಲು. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ ದೇಹಕ್ಕೆ ತಂಪಾಗಲು ಉಳಿಯುವುದು ಬೆವರೊಂದೇ ದಾರಿ. ಉರಿಬಿಸಿಲಲ್ಲಿ ಗುಡ್ಡ ಹತ್ತುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ದೇಹದ ತೂಕದ ಶೇ 2ರಷ್ಟು ನೀರು ಕಳೆದುಕೊಂಡರೆ ಗಮನ, ವಿವೇಚನೆ ಕುಗ್ಗತೊಡಗುತ್ತವೆ. 60 ಕೆ.ಜಿ. ತೂಕದವನಿಗೆ ಅದು 1.2 ಲೀಟರ್. ಅಂದರೆ ಕುಡಿಯದೆ ಒಂದೂಕಾಲು ಗಂಟೆ ನಡೆದರೆ ಸಾಕು, ದಾರಿ ಹುಡುಕಬೇಕಾದ ತಲೆಯೇ ಮಂಕಾಗುತ್ತದೆ. ಅಲ್ಲಿಂದ ಮುಂದೆ ಒಂದು ತಪ್ಪು ತಿರುವು ಇನ್ನೊಂದಕ್ಕೆ ದಾರಿ ಮಾಡುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಇರುವ ಒಂದು ಬಾಟಲಿ ನೀರನ್ನು ಗುಟುಕು ಗುಟುಕಾಗಿ ನಾಳೆಗೂ ಉಳಿಸಬೇಕು ಎನ್ನುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಎಡ್ವರ್ಡ್ ಅಡಾಲ್ಫ್ ಮರುಭೂಮಿಯಲ್ಲಿ ಸೈನಿಕರನ್ನು ಅಧ್ಯಯನ ಮಾಡಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ: ಬಾಟಲಿಯಲ್ಲಿ ಉಳಿಸಿದ ನೀರಿನಿಂದ ದೇಹಕ್ಕೆ ಉಪಯೋಗವಿಲ್ಲ, ಬಾಯಾರಿದಾಗ ಕುಡಿಯಬೇಕು. ಉಳಿಸಬೇಕಾದದ್ದು ಬೆವರನ್ನು. ಹತ್ತು ಗಂಟೆಯಿಂದ ಇಳಿಹೊತ್ತಿನವರೆಗೆ ನೆರಳಲ್ಲಿ ಕೂತು, ಬಿಸಿಲು ತಗ್ಗಿದ ಮೇಲೆ ನಡೆದರೆ ಅದೇ ಒಂದು ಲೀಟರ್ ಎಷ್ಟೋ ಹೆಚ್ಚು ಹೊತ್ತು ಬಾಳುತ್ತದೆ. ನೆರಳು ಕೊಡುವುದು ತಾಡಪತ್ರಿ. ಹಾಗಾಗಿ ಏಪ್ರಿಲ್‌ನ ಕಪ್ಪತಗುಡ್ಡಕ್ಕೆ ನನ್ನ ಪಟ್ಟಿಯಲ್ಲಿ ನೀರು, ತಾಡಪತ್ರಿ ಎರಡೂ ಜೋಡಿಯಾಗಿ ಮೊದಲು ನಿಲ್ಲುತ್ತವೆ. ಒಂದನ್ನು ಬಿಟ್ಟು ಇನ್ನೊಂದು ಅರ್ಧ ಕೆಲಸ ಮಾಡುತ್ತದೆ.

ನೀರಿನ ಬಗ್ಗೆ ಇನ್ನೊಂದು ಮಾತು. ಹೊಂಡದಲ್ಲಿ ರಾಡಿ ನೀರು ಸಿಕ್ಕರೆ ಬಟ್ಟೆಯಲ್ಲಿ ಸೋಸಿ, ಒಂದು ನಿಮಿಷ ಕೊತಕೊತ ಕುದಿಸಬೇಕು. ಬೆಂಕಿ ಇಲ್ಲದಿದ್ದರೆ ತಿಳಿಯಾಗಿ ಸೋಸಿದ ನೀರನ್ನು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ 6 ಗಂಟೆ ನೇರ ಬಿಸಿಲಿಗಿಟ್ಟರೆ ರೋಗಾಣುಗಳು ಬಹುಪಾಲು ಸಾಯುತ್ತವೆ. ಎರಡಕ್ಕೂ ಅವಕಾಶವಿಲ್ಲದೆ ನಾಲಗೆ ಒಣಗಿ ತಲೆ ಸುತ್ತುತ್ತಿದ್ದರೆ? ಕುಡಿಯಿರಿ. ಭೇದಿ ಶುರುವಾಗಲು ಹೊತ್ತು ಬೇಕು, ಅದಕ್ಕೆ ಔಷಧವೂ ಇದೆ. ಮುಂಡರಗಿ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಕೂಡ ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆಗೆ ಕಾಡುವ ತೊಂದರೆ. ದಾರಿ ತಪ್ಪಿದವನು ಎರಡು ದಿನದ ಮಟ್ಟಿಗೆ ಅದಕ್ಕೆ ಹೆದರಬೇಕಿಲ್ಲ.

ಜಾಗ ಬದಲಾದರೆ ಪಟ್ಟಿ ಹೇಗೆ ತಿರುಗುತ್ತದೆ ನೋಡಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋಗಿದ್ದ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಆ ಸುದ್ದಿ ಓದಿದ ದಿನದ ಸಂಕಟ ನಮ್ಮ ಭಾಗದ ಚಾರಣಿಗರಿಗೆ ಇನ್ನೂ ಮರೆತಿಲ್ಲ. ಅಂಥ ಕಡೆ ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಕೈಕಾಲು, ಬುದ್ಧಿ ಎರಡೂ ಮಾತು ಕೇಳುವುದಿಲ್ಲ. ಒದ್ದೆ ಹತ್ತಿಬಟ್ಟೆ ಮೈಗೆ ಅಂಟಿದ್ದರೆ ಶಾಖ ಇನ್ನೂ ಬೇಗ ಸೋರಿಹೋಗುತ್ತದೆ, ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆಯುತ್ತದೆ. ಅಲ್ಲಿ ಗಾಳಿ ತಡೆಯುವ ಹೊದಿಕೆ, ಒಣಬಟ್ಟೆ ಮೊದಲು, ನೀರು ಆಮೇಲೆ.

ಆಸರೆಯ ಪಾಠವನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುವವರು ನಮ್ಮ ಹಾವೇರಿ, ಗದಗ ಸೀಮೆಯ ಕುರಿಗಾಹಿಗಳು. ಅವರ ಹೆಗಲ ಮೇಲಿನ ಕಂಬಳಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಊರುಗಳಲ್ಲಿ ನೇಯುವ ಕರಿಕಂಬಳಿ ಒರಟು, ಚುಚ್ಚುತ್ತದೆ, ತೂಕವೂ ಇದೆ. ಮಳೆ ಬಂದರೆ ಒಂದು ಮೂಲೆ ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾರೆ. ನೂಲಿನ ಬಿಗಿಯಲ್ಲಿ ಹನಿಗಳು ಜಾರಿ ಅಂಚಿಗೆ ಇಳಿಯುತ್ತವೆ. ನೆನೆದರೂ ಉಣ್ಣೆ ತನ್ನ ಎಳೆಗಳ ನಡುವೆ ಗಾಳಿ ಹಿಡಿದಿಟ್ಟು ಬೆಚ್ಚಗಿಡುತ್ತದೆ. ರಾತ್ರಿ ಅದೇ ಹಾಸಿಗೆ, ಮಧ್ಯಾಹ್ನ ಎರಡು ಜಾಲಿ ಟೊಂಗೆಗೆ ಕಟ್ಟಿದರೆ ಅದೇ ನೆರಳು. ಅವರ ಹೊರೆಯಲ್ಲಿ ಇನ್ನುಳಿದದ್ದು ನೀರು, ಕೋಲು, ಬುತ್ತಿ. ತಿಂಗಳುಗಟ್ಟಲೆ ಬಯಲಲ್ಲಿ ಬದುಕುವವರು ಆಯ್ದುಕೊಂಡ ಸಾಮಾನಿದು. ಗುಂಪು ಚರ್ಚೆಯಲ್ಲಿ ಧೈರ್ಯವಾಗಿ ಇದನ್ನೇ ಸಾಕ್ಷಿಯಾಗಿ ಇಡಿ.

ಮೂರನೆಯ ಸ್ಥಾನಕ್ಕೆ ನಾನು ಸೀಟಿಯನ್ನು ಇಡುತ್ತೇನೆ. ಕೂಗಿದರೆ ಗಂಟಲು ಒಣಗುತ್ತದೆ, ದನಿ ಕೂತುಹೋಗುತ್ತದೆ. ಕಪ್ಪತಗುಡ್ಡದ ಗಾಳಿಯಲ್ಲಂತೂ ಕೂಗು ದೂರ ಹೋಗದು. ಸೀಟಿ ಊದಲು ಉಸಿರೊಂದಿದ್ದರೆ ಸಾಕು. ಪರ್ವತ ಪ್ರದೇಶಗಳಲ್ಲಿ ಒಪ್ಪಿತವಾದ ಸಂಕೇತ ನಿಮಿಷಕ್ಕೆ 6 ಸಲ ಊದುವುದು, ಒಂದು ನಿಮಿಷ ಬಿಟ್ಟು ಮತ್ತೆ 6 ಸಲ. ರಾತ್ರಿ ಟಾರ್ಚಿನಲ್ಲೂ ಇದೇ ಲೆಕ್ಕ. ಮೊಬೈಲ್ ಇದ್ದರೆ ಎತ್ತರದ ಬಂಡೆಗೆ ಹೋಗಿ 112ಕ್ಕೆ ಪ್ರಯತ್ನಿಸಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಮೂಲಕ ಕರೆ ಹೋಗಬಹುದು. ಉಳಿದ ಹೊತ್ತು ಫೋನ್ ಆಫ್ ಮಾಡಿಡಿ.

ಚಾಕು ಬೇಡ ಎನ್ನುತ್ತಿಲ್ಲ. ಬಟ್ಟೆ ಸೀಳಲು, ಹಗ್ಗ ಕತ್ತರಿಸಲು ಬೇಕು. ಅದಕ್ಕೆ ಮೊದಲ ಸ್ಥಾನ ಕೊಡುವವರನ್ನು ಒಂದೇ ಪ್ರಶ್ನೆ ಕೇಳಿ: ಮೊದಲ ಆರು ಗಂಟೆಯಲ್ಲಿ ಅದರಿಂದ ಏನು ಮಾಡುತ್ತೀರಿ? ಕಡ್ಡಿಪೆಟ್ಟಿಗೆ ಹಿಮಾಲಯದಲ್ಲಿ ಜೀವ ಉಳಿಸೀತು. ಬೇಸಿಗೆಯ ಕಪ್ಪತಗುಡ್ಡದಲ್ಲಿ ಬಾದೆಹುಲ್ಲಿಗೆ ಒಂದು ಕಿಡಿ ತಾಗಿದರೆ ಇಡೀ ಇಳಿಜಾರು ಉರಿಯುತ್ತದೆ, ನಿಮ್ಮನ್ನೂ ಸೇರಿಸಿ. ವನ್ಯಜೀವಿಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಕಡ್ಡಿಪೆಟ್ಟಿಗೆಗಿಂತ ಟಾರ್ಚ್ ಮೇಲಿರಲಿ. ಒಣ ಬಂಡೆಗಾಡು ಗರಗಸ ಮಂಡಲ ಹಾವಿನ ಜಾಗ, ಕತ್ತಲಲ್ಲಿ ಅದು ಕಾಣುವುದಿಲ್ಲ. ಕಚ್ಚಿದರೆ ಗಾಯ ಕೊಯ್ಯಬಾರದು, ಬಿಗಿಯಾಗಿ ಕಟ್ಟಲೂಬಾರದು. ಕಚ್ಚಿದ ಅಂಗ ಅಲುಗಾಡದಂತೆ ಪಟ್ಟಿ ಕಟ್ಟಿ ಆಸ್ಪತ್ರೆ ಮುಟ್ಟಿಸಬೇಕು.

ದಿಕ್ಸೂಚಿ ಇಲ್ಲಿ ಕೆಳಗೆ. ಗುಡ್ಡದ ಸಾಲು ಉದ್ದ, ಅಗಲ ಕಡಿಮೆ, ಎರಡೂ ಬದಿಗೆ ಊರುಗಳಿವೆ. ಬುತ್ತಿ ಕೊನೆಗೆ. ಖಾರ, ಉಪ್ಪಿನ ತಿಂಡಿ ನೀರಡಿಕೆ ಹೆಚ್ಚಿಸುತ್ತದೆ.

ಪಟ್ಟಿಯಲ್ಲಿ ಇಲ್ಲದ ಒಂದು ವಸ್ತುವನ್ನು ಸೇರಿಸಿ ವಾದಿಸಲು ಅವಕಾಶ ಸಿಕ್ಕರೆ, ಮನೆಯಲ್ಲಿ ಬಿಟ್ಟುಹೋದ ಚೀಟಿಯನ್ನು ಸೇರಿಸಿ. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಯೂಟಾದಲ್ಲಿ ಏರನ್ ರಾಲ್ಸ್ಟನ್ ಎಂಬ ಅನುಭವಿ ಚಾರಣಿಗನ ಕೈ ಕಂದಕವೊಂದರಲ್ಲಿ ಬಂಡೆಯಡಿ ಸಿಕ್ಕಿಕೊಂಡಿತು. ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಐದು ದಿನ ಕಳೆದು ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ನೀರು, ತಾಡಪತ್ರಿ, ಸೀಟಿ ಇವೆಲ್ಲ ಹುಡುಕುವವರು ಬರುವ ತನಕ ತಾಳಿಕೊಳ್ಳಲು. ಅವರು ಆರು ಗಂಟೆಯಲ್ಲಿ ಹೊರಡುತ್ತಾರೋ ಮೂರು ದಿನಕ್ಕೋ ಎಂಬುದನ್ನು ಚೀಟಿ ತೀರ್ಮಾನಿಸುತ್ತದೆ. ಅದರಲ್ಲಿ ಜೊತೆಗಿರುವವರ ಹೆಸರು, ಯಾವ ಊರಿನ ಕಡೆಯಿಂದ ಗುಡ್ಡ ಹತ್ತುತ್ತೀರಿ, ಯಾವ ಕಡೆ ಇಳಿಯುತ್ತೀರಿ, ವಾಪಸ್ ಬರುವ ಹೊತ್ತು, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಅರಣ್ಯ ಇಲಾಖೆಗೆ ಮತ್ತು 112ಕ್ಕೆ ತಿಳಿಸಬೇಕು ಎಂಬುದು ಇರಬೇಕು.